ಸೈಕಲ್ಲಿಗಾಗಿ ಹಾಲು ಕುಡಿದವಳು

ಹಾಲು ಕಂಡರೆ ಮಂಚದಡಿ ಸೇರುತ್ತಿದ್ದ ಮಗಳು ಒಂದು ಬೆಳಿಗ್ಗೆ ತಾನಾಗಿಯೇ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಂತರೆ ಯಾವ ತಾಯಿಗೆ ಅನುಮಾನ ಬರುವುದಿಲ್ಲ, ಹೇಳಿ?

ನನಗೆ ಬಂತು. ನಮ್ಮ ಅತ್ತೆಗೆ ಬರಲಿಲ್ಲ. ಅವರು ಹಿಗ್ಗಿ ಹೀರೇಕಾಯಿ ಆದರು. "ಆನು ಹೇಳಿದ್ನಲಾ, ಬೆಲ್ಲ ಹಾಕಿ ಕೊಟ್ರೆ ಕುಡೀತು ಹೇಳಿ" ಎಂದು ಇಡೀ ಯಶಸ್ಸನ್ನು ಬೆಲ್ಲದ ಡಬ್ಬಿಗೆ ಒಪ್ಪಿಸಿದರು.

ಧಾತ್ರಿಗೆ ಐದು ವರ್ಷ. ಲೋಟ ಖಾಲಿ ಮಾಡಿದವಳೇ, ಹಾಲಿನ ಮೀಸೆಯನ್ನೂ ಒರೆಸಿಕೊಳ್ಳದೆ, ನೇರ ಹೊರಗೆ ಓಡಿದಳು. ಹಿಂದೆಯೇ ಹೋಗಿ ನೋಡಿದೆ. ಪೋರ್ಚಿನಲ್ಲಿ ಅವಳ ಹೊಸ ಸೈಕಲ್ ನಿಂತಿತ್ತು. ಅದಕ್ಕೆ ತಾಗಿ ನೆಟ್ಟಗೆ ನಿಂತು, ಸೀಟು ತನ್ನ ಮೈಯಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಅಂಗೈ ಇಟ್ಟು ನೋಡಿಕೊಂಡಳು. ಸೀಟು ನಿನ್ನೆ ಇದ್ದಲ್ಲೇ ಇತ್ತು, ಹೊಕ್ಕುಳಿನ ಹತ್ತಿರ. ಮುಖ ಇಳಿದು ಹೋಯಿತು.

"ಎಂತ ಮಾಡ್ತಾ ಇದ್ದೆ ಕೂಸೆ?"

"ಆಯಿ, ಸೈಕಲ್ ಹೊಡಿಯಷ್ಟು ದೊಡ್ಡಾಗಲೆ ಇನ್ನೂ ಎಷ್ಟು ಹಾಲು ಕುಡಿಯವು?"

(ಆನು ಎಂದರೆ ನಾನು, ಆಯಿ ಎಂದರೆ ಅಮ್ಮ, ಕುಡಿಯವು ಎಂದರೆ ಕುಡಿಯಬೇಕು. ನಮ್ಮ ಮನೆಮಾತು ಹೀಗೆ. ಈ ಅಂಕಣದ ಹಳೆಯ ಓದುಗರಿಗೆ ಇಷ್ಟರಲ್ಲಿ ಅಭ್ಯಾಸವಾಗಿರಬೇಕು.)

ಅಂಗೈಯಿಂದ ಅವಳ ಹಾಲಿನ ಮೀಸೆ ಒರೆಸಿದೆ. ಆ ಸೈಕಲ್ ಆರಿಸಿದ ಮಹಾಮಂಡಲದಲ್ಲಿ ನಾನೂ ಇದ್ದೆನಲ್ಲ.

ನಾವಿರುವುದು ಶಿರಸಿಯ ಒಂದು ಹೊಸ ಲೇಔಟಿನಲ್ಲಿ. ಶಿರಸಿಯಲ್ಲಿ ಎಲ್ಲಿ ಮನೆ ಕಟ್ಟಿದರೂ ರಸ್ತೆ ಒಂದೋ ಏರು, ಇಲ್ಲವೇ ಇಳಿಜಾರು. ನಮ್ಮ ರಸ್ತೆಯ ಕೊನೆಯಲ್ಲಿ ಮಾತ್ರ ಸ್ವಲ್ಪ ಸಮತಟ್ಟು ಜಾಗವಿದೆ. ಸಂಜೆಯಾದರೆ ಅಕ್ಕಪಕ್ಕದ ಮಕ್ಕಳೆಲ್ಲ ಅಲ್ಲಿ ಸೈಕಲ್ ಮೇಲೆ ಸುತ್ತುತ್ತಾರೆ. ಧಾತ್ರಿ ಅವರ ಹಿಂದೆ ಓಡುತ್ತಿದ್ದಳು. ಓಡುತ್ತಲೇ ಬಾಯಲ್ಲಿ ಟ್ರಿಣ್ ಟ್ರಿಣ್ ಅನ್ನುತ್ತಿದ್ದಳು. ನೋಡಿ ನೋಡಿ ನಮಗೂ ಪಾಪ ಅನ್ನಿಸಿ, ಒಂದು ಶನಿವಾರ ಸೈಕಲ್ ಅಂಗಡಿಗೆ ಹೊರಟೆವು. ನಾನು, ನನ್ನ ಗಂಡ, ಅತ್ತೆ. ಮಂಚಿಕೇರಿಯಲ್ಲಿರುವ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ವಿಡಿಯೋ ಕಾಲ್‌ನಲ್ಲಿ. ಧಾತ್ರಿಯನ್ನೂ ಕರೆದುಕೊಂಡು ಹೋಗಿದ್ದೆವು ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು.

ಅವಳು ಒಳಗೆ ಹೋದವಳೇ ಒಂದು ಸಣ್ಣ ಹಸಿರು ಸೈಕಲ್ ಹತ್ತಿ ಕೂತಳು. ಹದಿನಾರು ಇಂಚಿನ ಗಾಲಿ. ಎರಡೂ ಕಾಲು ನೆಲಕ್ಕೆ ತಾಗಿದವು. ಬೆಲ್ ಬಾರಿಸಿ, "ಇದೇ ಬೇಕು" ಎಂದಳು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

"ಬ್ಯಾಡ, ಬಪ್ಪ ವರ್ಷಕ್ಕೇ ಸಣ್ಣ ಆಗ್ತು. ಬೆಳೆಯ ಕೂಸು" ಎಂದು ಅತ್ತೆ ಬರುವ ವರ್ಷದ ಲೆಕ್ಕ ಹಾಕಿದರು.

"ದೊಡ್ಡದೇ ತಗಂಡ್ರೆ ಐದನೇ ಕ್ಲಾಸಿನವರೆಗೆ ಚಿಂತೆ ಇಲ್ಲೆ" ಎಂದರು ನನ್ನವರು.

ಫೋನಿನೊಳಗಿಂದ ಅತ್ತಿಗೆ, "ಹೌದು, ಹೌದು, ಸೀಟ್ ಕೆಳಗೆ ಮಾಡಿರೆ ಆತು" ಎಂದರು.

ನಾನು? ನಾನು ಮನಸ್ಸಿನಲ್ಲೇ ಗುಣಾಕಾರ ಭಾಗಾಕಾರ ಮಾಡಿ ತಲೆ ಆಡಿಸಿದೆ. ಸಣ್ಣದಕ್ಕೂ ದೊಡ್ಡದಕ್ಕೂ ರೇಟಿನಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಅಂದಮೇಲೆ ಹೆಚ್ಚು ವರ್ಷ ಬರುವುದೇ ಲಾಭವಲ್ಲವೇ?

ಅಂಗಡಿಯವರು ಬನವಾಸಿ ಕಡೆಯವರು. ಇಂಥ ಮಂಡಲಗಳನ್ನು ಬೇಕಾದಷ್ಟು ಕಂಡಿರಬೇಕು. "ಎಲ್ಲಾರೂ ದೊಡ್ಡದ ಒಯ್ತಾರ್ರಿ. ಸೀಟ್ ಪೂರಾ ಇಳಿಸಿ, ಎರಡೂ ಬಾಜೂ ಸಣ್ಣ ಗಾಲಿ ಹಾಕಿ ಕೊಡ್ತೀನಿ, ತಗೊಂಡ್ ಹೋಗ್ರಿ" ಎಂದು ಸ್ಪ್ಯಾನರ್ ಎತ್ತಿಕೊಂಡರು. ಇಪ್ಪತ್ತು ಇಂಚಿನ ನೀಲಿ ಸೈಕಲ್ ಮನೆಗೆ ಬಂತು. ಧಾತ್ರಿ ಹಸಿರಿನದನ್ನು ತಿರುಗಿ ತಿರುಗಿ ನೋಡುತ್ತ ಬಂದಳು.

ಇದು ನಮ್ಮೊಬ್ಬರ ಮನೆಯ ಕತೆ ಅಂದುಕೊಳ್ಳಬೇಡಿ. ನಮ್ಮ ಕಡೆ ಮಕ್ಕಳಿಗೆ ಏನೇ ಕೊಂಡರೂ ಎರಡು ವರ್ಷ ಮುಂದಕ್ಕೇ ಕೊಳ್ಳುವುದು. ಯೂನಿಫಾರ್ಮಿಗೆ ಅಳತೆ ತೆಗೆಯುವಾಗ ಟೈಲರ್ ಮೊದಲು ಕೇಳುವುದೇ "ಎಷ್ಟು ಬಿಡ್ಲಿ?" ಎಂದು. ಲಂಗದ ಅಂಚು ಒಳಗೆ ಮಡಚಿರುತ್ತದೆ. ಸ್ವೆಟರಿನ ತೋಳು ಹೊರಗೆ ಮಡಚಿರುತ್ತದೆ. ಶೂ ತುದಿಯಲ್ಲಿ ಪೇಪರ್ ತುಂಬಿರುತ್ತದೆ. (ನಿಮ್ಮ ಊರಿನಲ್ಲಿ ಹೀಗಿಲ್ಲವೇ? ಹಾಗಾದರೆ ನಿಮ್ಮ ಮಕ್ಕಳು ಪುಣ್ಯವಂತರು.) ಬಟ್ಟೆ ಅಳತೆಗೆ ಸರಿಯಾಗಿ ಬರುವ ಹೊತ್ತಿಗೆ ಬಣ್ಣ ಹೋಗಿರುತ್ತದೆ. ಈಗ, ಇಲ್ಲಿ, ನಮ್ಮ ಎದುರಿಗೆ ನಿಂತಿರುವ ಮಗುವಿಗೆಂದು ನಾವು ಏನನ್ನಾದರೂ ಕೊಂಡದ್ದುಂಟೇ?

ಹಾಗಂತ ಇದನ್ನು ಬರೀ ಜಿಪುಣತನ ಎನ್ನಲಾರೆ. ಉದ್ದದ ರೇನ್‌ಕೋಟು ಮೊಣಕಾಲನ್ನೂ ಒಣಗಿಸಿ ಇಡುತ್ತದೆ. ಸಡಿಲ ಅಂಗಿಯಲ್ಲಿ ಗಾಳಿಯಾಡುತ್ತದೆ. ಆದರೆ ಅಂಗಿ ದೊಡ್ಡದಾದರೆ ಮಗುವನ್ನು ಬೀಳಿಸುವುದಿಲ್ಲ. ಸೈಕಲ್ ಬೀಳಿಸುತ್ತದೆ.

ಬೀಳಿಸಿತು. ಮೊದಲಿಗೆ ಬೀಳಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ನೆಲ ತಗ್ಗಾದಲ್ಲಿ ಬದಿಯ ಸಣ್ಣ ಗಾಲಿಗಳು ಮಾತ್ರ ನೆಲಕ್ಕೆ ಊರಿ, ಹಿಂದಿನ ದೊಡ್ಡ ಗಾಲಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಇವಳು ತುದಿಗಾಲಲ್ಲಿ ಪೆಡಲ್ ತುಳಿದದ್ದೇ ತುಳಿದದ್ದು, ಸೈಕಲ್ ಇದ್ದಲ್ಲೇ. ಮಕ್ಕಳೆಲ್ಲ ನಕ್ಕರು. ನನ್ನವರು ಸಿಟ್ಟಿನಿಂದ ಆ ಗಾಲಿಗಳನ್ನು ಬಿಚ್ಚಿ ಎಸೆದು, ಹಿಂದಿನಿಂದ ಹಿಡಿದುಕೊಂಡು ಓಡಿದರು. ಬ್ರೇಕ್ ಹಿಡಿ ಎಂದು ಕೂಗಿದರು. ಇವಳ ಬೆರಳು ಬ್ರೇಕಿಗೆ ಎಟುಕಿದರೆ ತಾನೇ? ಕಾಲು ಊರಲು ನೋಡಿದಳು, ನೆಲ ಸಿಗಲಿಲ್ಲ. ಮೊಣಕಾಲು ತರಚಿತು. ಅಷ್ಟೇ, ದೊಡ್ಡ ಗಾಯವೇನಲ್ಲ.

"ಹಾಲು ಕುಡಿಯವು, ದೊಡ್ಡಾಗವು, ಆಮೇಲೆ ತನ್ನಷ್ಟಕ್ಕೆ ಬತ್ತು" ಎಂದು ಅತ್ತೆ ಅರಿಸಿನ ಹಚ್ಚಿದರು.

ಆ ಹಾಲಿನ ಲೋಟ ಬಂದದ್ದು ಮರುದಿನ ಬೆಳಿಗ್ಗೆ. ಅಂದು ಸಂಜೆ ಇವಳು ಮತ್ತೆ ಮಕ್ಕಳ ಹಿಂದೆ ಓಡುತ್ತಿದ್ದಳು. ಬಾಯಲ್ಲಿ ಟ್ರಿಣ್ ಟ್ರಿಣ್ ಇರಲಿಲ್ಲ. "ನಿನ್ನ ಸೈಕಲ್ ಸರಿ ಇಲ್ವಾ?" ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು.

"ಸೈಕಲ್ ಸರಿ ಇದೆ. ನಾನೇ ಸರಿ ಇಲ್ಲ, ಸಣ್ಣಕಿದ್ದೇನೆ" ಎಂದಳು ಧಾತ್ರಿ.

ಗೇಟಿನ ಒಳಗೆ ನಿಂತು ಕೇಳಿಸಿಕೊಂಡೆ. ಐದು ವರ್ಷದ ಮಗು ಐದು ವರ್ಷದ ಮಗುವಿನಷ್ಟೇ ಇರುವುದೂ ತಪ್ಪೇ?

ಇದಾಗಿ ಕೆಲವು ದಿನಗಳಿಗೆ, ಒಂದು ಭಾನುವಾರ, ಎಲ್ಲರೂ ಮಂಚಿಕೇರಿಗೆ ಅತ್ತಿಗೆಯ ಮನೆಗೆ ಹೋದೆವು. ಅಂಗಳದಲ್ಲಿ ಅವರ ಮಗ ಪ್ರಣವ ಸೈಕಲ್ ಹೊಡೆಯುತ್ತಿದ್ದ. ಒಂಬತ್ತು ವರ್ಷದ, ಉದ್ದ ಕಾಲಿನ ಹುಡುಗ. ಸೈಕಲ್ ಮಾತ್ರ ಒಂದನೇ ಕ್ಲಾಸಿಗೆ ಸೇರುವ ಮೊದಲು ಕೊಡಿಸಿದ ಹದಿನಾರು ಇಂಚಿನದೇ. ಮೊಣಕಾಲು ಹ್ಯಾಂಡಲಿಗೆ ಬಡಿಯದಂತೆ ಎರಡೂ ಕಾಲನ್ನು ಅಗಲಿಸಿ, ಕಪ್ಪೆಯ ಹಾಗೆ ಕೂತಿದ್ದ.

"ಇವಂಗೆ ಇದು ಸಣ್ಣ ಆತಲ್ದ ಅತ್ತಿಗೆ?" ಎಂದೆ.

"ಇನ್ನೂ ಓಡ್ತಲೆ ಮಾರಾಯ್ತಿ! ಓಡ ಸೈಕಲ್ ಇಟ್ಕಂಡು ಹೊಸದು ಎಂತಕ್ಕೆ?"

ನೋಡಿ, ಅದೇ ಲೆಕ್ಕ. ಒಂದು ಮನೆಯಲ್ಲಿ ಮುಂದೆ ಆಗುತ್ತದೆ ಎಂದು ಆಗದ ಸೈಕಲ್, ಇನ್ನೊಂದು ಮನೆಯಲ್ಲಿ ಇನ್ನೂ ಆಗುತ್ತದೆ ಎಂದು ಆಗದ ಸೈಕಲ್. ಎರಡು ಮಕ್ಕಳೂ ಹಿರಿಯರ ಉಳಿತಾಯದ ಮೇಲೆ ಕಷ್ಟಪಟ್ಟು ಕೂತಿದ್ದರು.

ಊಟಕ್ಕೆ ಪ್ರಣವ ಒಳಗೆ ಬಂದಾಗ ಧಾತ್ರಿ ಹೊರಗೆ ಜಾರಿದಳು. ಹಳೆಯ ಸೈಕಲ್ಲಿನ ಪಕ್ಕ ನಿಂತು ಅಂಗೈ ಇಟ್ಟು ನೋಡಿದಳು. ಆಮೇಲೆ ಹತ್ತಿದಳು. ಪಾದ ಪೂರ್ತಿ ನೆಲಕ್ಕೆ ಊರಿತು. ಬೆರಳು ಬ್ರೇಕಿಗೆ ಸಿಕ್ಕಿತು. ಕಾಲಿನಿಂದಲೇ ನೆಲ ದೂಡುತ್ತ ಅಂಗಳದ ಸಿಮೆಂಟಿನ ಮೇಲೆ ಸುತ್ತತೊಡಗಿದಳು. ಒಮ್ಮೆ ವಾಲಿತು, ಕಾಲು ಕೊಟ್ಟು ನಿಲ್ಲಿಸಿಕೊಂಡಳು. ಇನ್ನೊಮ್ಮೆ ಬಿತ್ತು, ತಾನೇ ಎತ್ತಿ ನಿಲ್ಲಿಸಿದಳು. ಹಿಂದೆ ಓಡಲು ಅಪ್ಪ ಇರಲಿಲ್ಲ (ಅವರು ಒಳಗೆ ಎರಡನೇ ಸಲ ತಂಬುಳಿ ಬಡಿಸಿಕೊಳ್ಳುತ್ತಿದ್ದರು). ಚಹಾದ ಹೊತ್ತಿಗೆ ಕಾಲು ಪೆಡಲಿನ ಮೇಲಿತ್ತು.

"ಆಯಿ! ಬತ್ತು! ಎಂಗೆ ಬತ್ತು!"

ನನಗೆ ಬರುತ್ತದೆ ಎಂಬ ಆ ಕೂಗು ಕೇಳಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಚಪ್ಪಾಳೆ ಹೊಡೆದೆ. ಅಳು ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇನ್ನೇನು, ಸೈಕಲ್ ಅದಲುಬದಲು ಮಾಡಿಕೊಂಡರಾಯಿತು, ಅಲ್ಲವೇ? ಅಷ್ಟು ಸುಲಭವಾಗಿದ್ದರೆ ನಾವು ನೆಂಟರು ಹೇಗಾದೇವು! ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ಕೂಡ ಇಲ್ಲ. ಅಂಥಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಇಟ್ಟುಕೊಳ್ಳಲು ಅತ್ತಿಗೆಗೆ ಸಂಕೋಚ. "ಛೆ, ಜನ ಎಂತ ಹೇಳ್ತ?" ಎಂದರು. ಮೊಮ್ಮಗಳ ಮೊದಲ ಸೈಕಲ್ಲೇ ಹಳೆಯದಾಗುವುದು ಅತ್ತೆಗೆ ಕಸಿವಿಸಿ.

ನಾನು ಮೆಲ್ಲಗೆ ತೊಟ್ಟಿಲಿನ ಮಾತೆತ್ತಿದೆ. ಧಾತ್ರಿ ಮಲಗಿದ ತೊಟ್ಟಿಲು ವಜ್ರಳ್ಳಿಯಲ್ಲಿ ಹೊರಟು, ಸಿದ್ದಾಪುರದ ಚಿಕ್ಕಮ್ಮನ ಮನೆ ಸುತ್ತಿ, ಪ್ರಣವನನ್ನು ತೂಗಿ, ಆಮೇಲೆ ನಮ್ಮಲ್ಲಿಗೆ ಬಂದದ್ದು. ಅದು ಹಳೆಯದು ಎಂದು ಯಾರೂ ಮೂಗು ಮುರಿಯಲಿಲ್ಲ. ನಾಮಕರಣದ ದಿನ ಅತ್ತೆಯೇ ಬಂದವರಿಗೆಲ್ಲ ಅದರ ವಂಶಾವಳಿ ಹೇಳಿದ್ದರು. ತೊಟ್ಟಿಲಿಗೆ ಇಲ್ಲದ ಅವಮಾನ ಸೈಕಲ್ಲಿಗೆ ಎಲ್ಲಿಂದ ಬಂತು?

ಅತ್ತೆ ತಮ್ಮ ಮಗಳ, ಅಂದರೆ ಅತ್ತಿಗೆಯ, ಕಡೆ ತಿರುಗಿ, "ಎಂಗಳ ಪೋರ್ಚಲ್ಲಿ ದೊಡ್ಡ ಸೈಕಲ್ ಇಡಲೆ ಜಾಗ ಇಲ್ಲೆ. ಇಲ್ಲಿ ತಂದು ಇಡ್ತ್ಯ. ಪ್ರಣವ ಹೊಡೀತಾ ಇದ್ರೆ ತುಕ್ಕೂ ಹಿಡಿತಿಲ್ಲೆ" ಎಂದರು. (ನಮ್ಮ ಪೋರ್ಚಿನಲ್ಲಿ ಕಾರು ನಿಲ್ಲುವಷ್ಟು ಜಾಗವಿದೆ. ಕಾರು ಇಲ್ಲ.)

ಅತ್ತಿಗೆಯೂ ಕಡಿಮೆಯವರಲ್ಲ. "ಹಂಗಾದ್ರೆ ಈ ಸಣ್ಣದು ನಿಂಗಳ ಮನೇಲಿ ಇರ್ಲಿ. ಇಲ್ಲಿ ಸುಮ್ನೆ ಬಿದ್ದು ಹಾಳಾಗ್ತು" ಎಂದರು. ಹಾಗೆನ್ನುವಾಗ ಪ್ರಣವ ಅದರ ಮೇಲೇ ಕೂತಿದ್ದ.

ಹೀಗೆ ಯಾರೂ ಯಾರಿಗೂ ಏನನ್ನೂ ಕೊಡದೆ, ಎರಡು ಮಕ್ಕಳಿಗೂ ಅಳತೆಯ ಸೈಕಲ್ ಸಿಕ್ಕಿತು. ಸಣ್ಣದರ ಹ್ಯಾಂಡಲಿಗೆ ಒಂದು ಚೀಲ ಬಾಳೆಕಾಯಿ ಚಿಪ್ಸ್ ಕೂಡ ಕಟ್ಟಿತ್ತು.

ಈಗ ಸಂಜೆ ಧಾತ್ರಿ ಮಕ್ಕಳ ಹಿಂದೆ ಓಡುವುದಿಲ್ಲ. ಅವರ ನಡುವೆ ಇರುತ್ತಾಳೆ. ಸೈಕಲ್ಲಿನ ಪೇಂಟ್ ಅಲ್ಲಲ್ಲಿ ಹೋಗಿದೆ, ಅವಳಿಗೆ ಕಂಡಂತಿಲ್ಲ. ಮಂಚಿಕೇರಿಯಿಂದ ಬಂದ ಮರುದಿನವೇ ಹಾಲಿನ ಲೋಟವನ್ನು ಅಜ್ಜಿಯ ಕಡೆಗೆ ದೂಡಿ, "ಈಗ ಬ್ಯಾಡ, ಸೈಕಲ್ ಬತ್ತಲ" ಎಂದಳು. ಬೆಲ್ಲದ ಡಬ್ಬಿ ಹಿಂದಿನ ಕಪಾಟಿಗೆ ಹೋಯಿತು. ನಾವೆಲ್ಲ ಪಾಠ ಕಲಿತೆವು ಎಂದು ನಾನು ಈ ಅಂಕಣವನ್ನು ಇಲ್ಲಿಗೆ ಮುಗಿಸುವವಳಿದ್ದೆ.

ಅಷ್ಟರಲ್ಲಿ ಮೊನ್ನೆ ಶಾಲೆಯ ಶೂ ತರಲು ಹೋದೆವು. ಅದೇ ಮಂಡಲ, ವಿಡಿಯೋ ಕಾಲ್ ಒಂದಿಲ್ಲ. ಅಂಗಡಿಯವರು ಹಾಕಿದ ಶೂ ಅವಳ ಪಾದಕ್ಕೆ ಸರಿಯಾಗಿತ್ತು. ನನ್ನವರು ಬಗ್ಗಿ, ಹೆಬ್ಬೆರಳಿನಿಂದ ಶೂ ತುದಿ ಒತ್ತಿ ನೋಡಿ, "ಒಂದು ನಂಬರ್ ದೊಡ್ಡದು ಕೊಡಿ" ಎಂದರು. ಅತ್ತೆ ಹೂಂ ಎಂದರು. ನನ್ನ ತಲೆಯೂ ತಾನಾಗಿ ಆಡಿತು.

ಧಾತ್ರಿ ದೊಡ್ಡ ಶೂ ಹಾಕಿಕೊಂಡು ನಡೆದಳು. ಹಿಮ್ಮಡಿ ಹೊರಗೆ ಬಂತು. ನಿಂತು, ನಮ್ಮ ಮೂವರ ಮುಖವನ್ನೂ ನೋಡಿ, ನಿಟ್ಟುಸಿರು ಬಿಟ್ಟು ಕೇಳಿದಳು:

"ಆಯಿ, ಈ ಶೂ ಸರಿ ಆಗಲೆ ಎಷ್ಟು ಹಾಲು ಕುಡಿಯವು?"