ಗೋಧಿ ಬಣ್ಣದ ಬಯೋಡೇಟಾ

"ಗೋಧಿ ಬಣ್ಣ ಅಂತ ಬರದೀರಲ್ಲ, ಅದನ್ನ ತಗೊಂಡು ನಾ ಏನ್ ಮಾಡ್ಲಿ?"

ಬೆಳಗಾವಿಯ ಶಹಾಪುರದ ಸೀರೆ ಅಂಗಡಿಯ ಮ್ಯಾನೇಜರು ನನ್ನ ಬಯೋಡೇಟಾ ಹಿಡಿದು ಕೇಳಿದ ಮೊದಲ ಪ್ರಶ್ನೆ ಇದು. ನಾನು ಕೆಲಸ ಹುಡುಕಿ ಈ ಊರಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಆತ ಹಾಗೇ ಕೆಳಗೆ ಓದುತ್ತ ಹೋದ: ಎತ್ತರ, ರಾಶಿ, ನಕ್ಷತ್ರ, ಅಪ್ಪನ ಹೊಲ, ಅಣ್ಣನ ನೌಕರಿ. ಕೊನೆಗೆ "ಅನುಭವ" ಎಂಬಲ್ಲಿ "ಇಲ್ಲ". ಸೀರೆ ಮಡಚುತ್ತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. "ತಂಗಿ, ಇದನ್ನ ಅಂಗಡ್ಯಾಗ ಇಟ್ಕೊಳ್ಲೋ, ಮನಿಗೆ ಒಯ್ದು ನಮ್ಮವ್ವಗ ತೋರಸ್ಲೋ?" ಅಂದ. ಮೈಯೆಲ್ಲ ಉರಿದು ಹೋಯಿತು. ಕಾಗದ ಕಸಿದುಕೊಂಡು ಹೊರಗೆ ಬಂದೆ.

ಊರಲ್ಲಿ ಕುಳಿತು ಇದನ್ನು ಓದುವವರೇ, ನಗಬೇಡಿ. ನಿಮ್ಮ ಮನೆಯ ಹುಡುಗಿಯರ ಬಯೋಡೇಟಾ ಕೂಡ ನಮ್ಮ ತಾಲೂಕು ಊರು ಖಾನಾಪುರದ ಅದೇ ಕಂಪ್ಯೂಟರ್ ಅಂಗಡಿಯಲ್ಲೇ ತಯಾರಾಗಿರುತ್ತದೆ. ಹುಡುಗಿ ಬಂದು ಬಯೋಡೇಟಾ ಮಾಡಿಕೊಡಿ ಅಂದರೆ ಆ ಮನುಷ್ಯ ಎರಡನೇ ಮಾತು ಕೇಳುವುದಿಲ್ಲ. ಮೇಲೆ ಗಣಪತಿ ಇರುವ, ವರನ ಕಡೆಯವರಿಗೆ ಕೊಡುವ ಲಗ್ನದ ಹಾಳೆ ತೆರೆದು ಹೆಸರು ಬದಲಿಸಿ ಕೊಡುತ್ತಾನೆ. ನಾನು ಗಣಪತಿಯನ್ನಷ್ಟೇ ತೆಗೆಸಿದ್ದೆ. ಅದನ್ನೇ ದೊಡ್ಡ ಜಾಣತನ ಅಂದುಕೊಂಡಿದ್ದೆ.

ನಾನು ಬಂದದ್ದು ಅಪ್ಪನ ಒಂದು ಷರತ್ತಿನ ಮೇಲೆ. "ದೀಪಾವಳಿಯೊಳಗ ಕೆಲಸ ಸಿಕ್ಕರ ಅಲ್ಲೇ ಇರು. ಸಿಗಲಿಲ್ಲಂದ್ರ ಹೊಳ್ಳಿ ಬಾ, ನೋಡಾಕ ಬಂದವರ ಮುಂದ ಸುಮ್ನ ಕುಂದರು." ಪಿಯುಸಿ ಮುಗಿಸಿದ ಮೇಲೆ ಊರ ಹಾಲಿನ ಡೈರಿಯನ್ನು ನಡೆಸಿದವಳು ನಾನು. ಆದರೆ ಕಾಗದದ ಮೇಲೆ ಸೆಕ್ರೆಟರಿ ನಮ್ಮ ಯಲ್ಲಪ್ಪ ಕಾಕಾ. ಅವನಿಗೆ ನೂರೆಂಟು ತಿರುಗಾಟ. ಬೆಳಗಿನ ಹಾಲು, ಸಂಜೆಯ ಹಾಲು, ಅದರ ಜಗಳ ಎಲ್ಲ ನನ್ನ ಪಾಲಿಗೆ. ನಾನು ದುಡಿಯುವುದು, ಹೆಸರು ಮತ್ತೊಬ್ಬರದು. ಅದು ನನಗೆ ಸಾಕಾಗಿ ಹೋಗಿತ್ತು. ನನ್ನ ಹೆಸರಿನಲ್ಲೇ ಒಂದು ಕೆಲಸ ಬೇಕಾಗಿತ್ತು, ಬೇರೇನೂ ಅಲ್ಲ.

ಬೆಳಗಾವಿಯಲ್ಲೇ ಅನಗೋಳದ ಒಂದು ಓಣಿಯಲ್ಲಿ ಕೋಣೆ ಸಿಕ್ಕಿತು. ಮನೆಯೊಡತಿ ಗಂಗಕ್ಕ, ಹಣೆ ತುಂಬ ವಿಭೂತಿ, ಬಾಯಿ ತುಂಬ ಪ್ರಶ್ನೆ. ಯಾರು ಬರುತ್ತಾರೆ, ಯಾರ ಫೋನು, ಎಷ್ಟು ಹೊತ್ತಿಗೆ ಮರಳುತ್ತೀ. ನಮ್ಮೂರಲ್ಲೂ ಇಷ್ಟೇ ಕೇಳುತ್ತಾರೆ ನಿಜ. ಆದರೆ ಅಲ್ಲಿ ಕೇಳುವವರು ಉತ್ತರ ಮೊದಲೇ ಗೊತ್ತಿದ್ದು ಕೇಳುತ್ತಾರೆ. ಇಲ್ಲಿ ಗೊತ್ತಿಲ್ಲದೆ ಕೇಳುತ್ತಾರೆ, ಹಾಗಾಗಿ ಭಯ. ನಮ್ಮಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಯಾರೂ ಲೆಕ್ಕ ಇಡುವುದಿಲ್ಲ. ಇಲ್ಲಿಯ ಅಂಗಡಿಯವರೂ ಎರಡನ್ನೂ ಆಡುತ್ತಾರೆ, ಆದರೆ ನೀವು ಮೊದಲು ಯಾವುದರಲ್ಲಿ ಬಾಯಿ ತೆರೆಯುತ್ತೀರಿ ಅಂತ ಒಂದು ಗಳಿಗೆ ಕಾಯುತ್ತಾರೆ ಅಂತ ನನಗೆ ಅನಿಸುತ್ತಿತ್ತು. ಗಂಗಕ್ಕನ ಮನೆಯಲ್ಲಿ ಜೋಳದ ರೊಟ್ಟಿ, ನಮ್ಮಲ್ಲಿ ಅನ್ನ ಮತ್ತು ನಾಚಣಿ ಭಾಕ್ರಿ, ಅಂದರೆ ರಾಗಿ ರೊಟ್ಟಿ. ಮೊದಲ ದಿನ ಆಕೆ ರೊಟ್ಟಿ-ಪಲ್ಯ ತಂದು ಕೊಟ್ಟಾಗ ತಿನ್ನುವ ಮೊದಲು ಯೋಚಿಸಿದೆ: ಇದು ಬಾಡಿಗೆಯಲ್ಲಿ ಸೇರುತ್ತದೆಯೋ ಏನೋ?

ಪ್ಯಾಕೆಟ್ ಹಾಲನ್ನಂತೂ ಇವತ್ತಿಗೂ ನಂಬಿಲ್ಲ. ಯಾರ ಎಮ್ಮೆ, ಯಾರು ಹಿಂಡಿದರು, ಯಾರನ್ನು ಕೇಳಬೇಕು? ಬೆಳ್ಳಗಿದ್ದುದೆಲ್ಲ ಹಾಲಲ್ಲ ಅನ್ನುವ ಮಾತು ಪೇಟೆಯಲ್ಲಿ ಇನ್ನೂ ಖರೆ.

ಅಷ್ಟರಲ್ಲಿ ಮೊಬೈಲಿಗೆ ಒಂದು ಸಂದೇಶ ಬಂತು: "ನಿಮ್ಮ ಸಿವಿ ಆಯ್ಕೆಯಾಗಿದೆ, ಹೆಸರು ನೋಂದಾಯಿಸಲು ಹಣ ತುಂಬಿ." ಅವರಿಗೆ ನಾನು ಕಾಗದವನ್ನೇ ಕೊಟ್ಟಿರಲಿಲ್ಲ! ಸಿವಿ ಅಂದರೆ ಅದೇ ಬಯೋಡೇಟಾ, ನೌಕರಿಯದು. ಅದನ್ನು ಗಂಗಕ್ಕನಿಗೆ ತೋರಿಸಿ ಬೈದಾಡುತ್ತಿದ್ದೆ. ಆಕೆ ನನ್ನ ಕೈಯಲ್ಲಿದ್ದ ಕಾಗದ ಇಸಿದುಕೊಂಡು ಓದಿದಳು.

"ಯವ್ವಾ ನನ ತಾಯಿ! ಇದನ್ನ ಹಿಡ್ಕೊಂಡು ಅಡ್ಡಾಡಾಕತ್ತಿಯೇನ? ಬಾ ಇಲ್ಲಿ, ಕುಂದರು. ನಾ ಛಲೋ ಮಾಡಿ ಕೊಡ್ತೀನಿ."

ಆಕೆ ಒಂದು ಕಾರ್ಖಾನೆಯ ಆಫೀಸಿನಲ್ಲಿ ಬಹಳ ವರ್ಷ ಇದ್ದವಳು. ಕೆಲಸ ಕೇಳಿ ಬಂದ ಕಾಗದಗಳನ್ನು ವಿಂಗಡಿಸುವುದೇ ಅವಳ ಕೆಲಸವಾಗಿತ್ತಂತೆ. ಆದರೂ ನನಗೆ ಅನುಮಾನ. ಪುಗಸಟ್ಟೆ ಯಾರಾದರೂ ಯಾಕೆ ಮಾಡುತ್ತಾರೆ? ಬಾಯಿ ಬಿಟ್ಟು ಕೇಳಿಯೇ ಬಿಟ್ಟೆ: "ನಿಮಗ ಇದರಾಗ ಏನ್ ಸಿಗತೈತ್ರಿ?"

"ಬಾಡಿಗಿ ಸಿಗತೈತಿ," ಅಂದಳು. "ಕೆಲಸ ಇದ್ದಾಕಿ ಬಾಡಿಗಿ ಕೊಡ್ತಾಳ. ಇಲ್ದಾಕಿ ಅಳಕೋತ ಕುಂದರತಾಳ."

ನನಗೆ ಎಷ್ಟೋ ಸಮಾಧಾನವಾಯಿತು. ಸ್ವಾರ್ಥ ಇದೆ ಅಂದರೆ ನಂಬಬಹುದು.

ಬಣ್ಣ ಹೋಯಿತು, ರಾಶಿ ಹೋಯಿತು, ಜಾತಿ ಹೋಯಿತು, ಹೊಲ ಹೋಯಿತು. ಊರಲ್ಲಿ ಇವನ್ನೆಲ್ಲ ಕಿತ್ತುಹಾಕಿದರೆ ನಾನು ಯಾರು ಅಂತ ಯಾರಿಗೆ ತಿಳಿಯಬೇಕು? ಇಲ್ಲಿ ಇವನ್ನು ಇಟ್ಟರೆ ನಾನು ಏನು ಮಾಡಬಲ್ಲೆ ಅಂತ ತಿಳಿಯುವುದಿಲ್ಲವಂತೆ. ಕೊನೆಗೆ ಹೆಸರು, ಫೋನು, ಪಿಯುಸಿ ಉಳಿದವು. ಹಾಳೆ ಬೋಳು ಬೋಳು.

"ಇನ್ನ ಹೇಳು, ಸಾಲಿ ಬಿಟ್ಟ ಮ್ಯಾಲೆ ಏನ್ ಮಾಡಿದಿ?"

"ಏನೂ ಇಲ್ರಿ. ಮನ್ಯಾಗ ಇದ್ದೆ."

"ಮುಂಜಾನೆ ಎದ್ದು ಏನ್ ಮಾಡ್ತಿದ್ದಿ?"

"ಡೈರಿಗೆ ಹೋಗ್ತಿದ್ದೆ."

ಆಕೆ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದಳು. ಆಮೇಲೆ ಪೊಲೀಸರ ಹಾಗೆ ಒಂದೊಂದೇ ಹೊರಗೆ ಎಳೆದಳು. ನಾನು ಹಾಲು ಅಳೆದುಕೊಂಡದ್ದು, ನೀರು ಬೆರೆತಿದೆಯೋ ಎಂದು ತಪಾಸಣೆ ಮಾಡಿದ್ದು, ಲೆಕ್ಕ ಬರೆದಿಟ್ಟದ್ದು, ತಕರಾರು ಬಂದರೆ ಬಗೆಹರಿಸಿದ್ದು ಎಲ್ಲ ಸಾಲಾಗಿ ಬರೆದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಒಂದೊಂದು ಶಬ್ದಕ್ಕೂ ಅರ್ಥ ಕೇಳಿ ಕೇಳಿ ಓದಿದೆ. ಸುಳ್ಳೇನೂ ಇರಲಿಲ್ಲ. ಆದರೂ ಕಳ್ಳತನ ಮಾಡಿದಂತೆ ಅನಿಸಿತು. ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ, ಅದೆಂಥ ಅನುಭವ?

ಕೊನೆಗೆ ರೆಫರೆನ್ಸ್ ಬೇಕು ಅಂದಳು. ಅಂದರೆ ನಮ್ಮ ಬಗ್ಗೆ ಕೇಳಿದರೆ ಹೇಳಬಲ್ಲವರ ಹೆಸರು ಮತ್ತು ನಂಬರು. ಡೈರಿಯ ಮಟ್ಟಿಗೆ ಯಲ್ಲಪ್ಪ ಕಾಕಾ ಬಿಟ್ಟರೆ ಯಾರಿದ್ದಾರೆ? "ಅವರಿಗೆ ಮೊದಲ ಫೋನ್ ಮಾಡಿ ತಿಳಸು," ಅಂತ ಗಂಗಕ್ಕ ಎರಡೆರಡು ಸಲ ಹೇಳಿದಳು. ನಾನು ಹೂಂ ಅಂದೆ, ಮಾಡಲಿಲ್ಲ. ಅವನ ಕೆಲಸವನ್ನು ನನ್ನದು ಅಂತ ಬರೆದುಕೊಂಡಿದ್ದೇನೆ ಅಂದರೆ ಅವನು ಸುಮ್ಮನೆ ಬಿಡುತ್ತಾನೆಯೇ? ಯಾರು ಫೋನ್ ಮಾಡಿ ವಿಚಾರಿಸುತ್ತಾರೆ ಬಿಡು, ಅಂದುಕೊಂಡೆ.

ದೀಪಾವಳಿ ಹತ್ತಿರ ಬಂದಿತ್ತು. ಖಾಸಬಾಗದ ಒಂದು ಕಿರಾಣಿ ಮಾಲಿನ ಗೋದಾಮಿನಿಂದ ಕರೆ ಬಂತು. ಗಾಡಿಯಲ್ಲಿ ಬಂದ ಮಾಲನ್ನು ನೋಡಿ, ಎಣಿಸಿ, ಸರಿ ಇದ್ದರೆ ಮಾತ್ರ ಸಹಿ ಮಾಡುವ ಕೆಲಸ. ಅಲ್ಲಿಯ ಮೇಡಂ ನನ್ನ ಹೊಸ ಹಾಳೆಯನ್ನು ಶಾಂತವಾಗಿ ಓದಿದರು. ಯಾರೂ ನಗಲಿಲ್ಲ. ನನಗೆ ಅಷ್ಟಕ್ಕೇ ಕಣ್ಣು ತುಂಬಿ ಬಂತು. ಆದರೆ ಮರುಗಳಿಗೆಯೇ ಮೇಡಂ ಫೋನು ತೆಗೆದು, ಸ್ಪೀಕರ್ ಹಾಕಿ, ಕಾಕಾನ ನಂಬರು ಒತ್ತಿದರು.

"ನಮಸ್ಕಾರ್ರಿ. ರೇಣುಕಾ ಅಂತ ನಿಮ್ಮೂರ ಹುಡುಗಿ ಬಗ್ಗೆ ಕೇಳೂದಿತ್ತು. ಹುಡುಗಿ ಹೆಂಗ್ರಿ?"

ನಮ್ಮ ಕಡೆ ಗುರುತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ ಹುಡುಗಿ ಹೇಗೆ ಅಂತ ಕೇಳಿದರೆ ಅದಕ್ಕೆ ಒಂದೇ ಅರ್ಥ. ಕಾಕಾನ ದನಿಗೆ ಜೇನು ಸುರಿದಂತಾಯಿತು.

"ಬಂಗಾರದಂಥಾ ಹುಡುಗಿ ರೀ! ತಲಿ ಎತ್ತಿ ಮಾತಾಡಿದಾಕಿ ಅಲ್ಲ."

"ಡೈರ್ಯಾಗ ಕೆಲಸಾ ಮಾಡ್ಯಾಳೇನ್ರಿ?"

"ಛೆ ಛೆ ಛೆ! ಯಾರ ಹೇಳಿದ್ರಿ ನಿಮಗ? ನಮ್ಮ ಹೆಣ್ಮಕ್ಕಳು ಹೊರಗ ದುಡ್ಯಾಕ ಹೋಗೂ ಪೈಕಿ ಅಲ್ರಿ. ಆಕಿ ಹೊಸ್ತಲಾನ ದಾಟಿಲ್ಲ."

ಮೇಡಂ ನನ್ನ ಹಾಳೆ ನೋಡಿದರು, ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹಾಲಿನಲ್ಲಿ ನೀರು ಕಂಡಾಗ ನಾನು ನೋಡುತ್ತಿದ್ದದ್ದು ಹಾಗೆಯೇ. ಗಂಗಕ್ಕನೇ ನನ್ನನ್ನು ಬೇಕೆಂದು ಸಿಕ್ಕಿಸಿದಳೇ ಅಂತ ಕೂಡ ಒಂದು ಗಳಿಗೆ ಮನಸ್ಸಿಗೆ ಬಂತು. ಆಮೇಲೆ ನಾನೇ ಮೇಜಿನ ಮೇಲೆ ಬಾಗಿ ಕೂಗಿದೆ.

"ಕಾಕಾ, ನಾ ರೇಣುಕಾ! ಇವರು ವರನ ಕಡಿಯವರಲ್ಲೋ. ನೌಕರಿ ಕೊಡೂ ಮಂದಿ! ಖರೇ ಇದ್ದದ್ದು ಹೇಳು."

ಆ ಕಡೆ ಹಾಲಿನ ಕ್ಯಾನು ಎಳೆದಾಡುವ ಸದ್ದು ಕೇಳಿಸಿತು. ಅಂದರೆ ಕಾಕಾ ಡೈರಿಯಲ್ಲೇ ಇದ್ದ, ಸುತ್ತ ಮಂದಿ ಇದ್ದರು. ಅವರ ಮುಂದೆ ಇದ್ದದ್ದು ಹೇಳಿದರೆ ಅವನ ಮಾನ, ಹೇಳದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ನಮ್ಮಲ್ಲಿ ಗಾದೆಯೇ ಉಂಟಲ್ಲ, ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ.

"ಮೊದಲ ಹೇಳಾಕ ನಿನಗೇನ ಧಾಡಿ ಆಗಿತ್ತ?" ಅಂತ ಗದರಿದ. ಆಮೇಲೆ ದನಿ ಇಳಿಸಿ ಅಂದ: "ಬಾಯಾರ, ಕೇಳ್ರಿ. ಹೆಸರಷ್ಟ ನಂದು. ಡೈರಿ ನಡಸಿದಾಕಿ ಆಕಿನ. ನನ್ನ ಸ್ವಂತ ಹಾಲಾಗ ನೀರೈತಿ ಅಂತ ನಾಕ ಮಂದಿ ಮುಂದ ಹೊಳ್ಳಿ ಕಳಿಸ್ಯಾಳ್ರಿ. ಹೆತ್ತಪ್ಪನ್ನೂ ನಂಬೂದಿಲ್ಲ. ಸಂಶಯದ ಪಿಶಾಚಿ ಐತ್ರಿ ಅದು!"

ಮೇಡಂ ಮೊದಲ ಸಲ ನಕ್ಕರು. "ನಮ್ಮ ಗೋದಾಮಿಗೆ ಇಂಥಾಕಿನ ಬೇಕಾಗಿತ್ತು," ಅಂದರು.

ಕೆಲಸ ಸಿಕ್ಕಿತು. ಸಹಿ ನನ್ನದೇ. ಅವ್ವನಿಗೆ ಮಾತ್ರ ಸಮಾಧಾನವಿಲ್ಲ. "ನಿನ್ನ ಕಾಕಾ ಊರ ಮುಂದ ಪಿಶಾಚಿ ಅಂದಾನಂತ. ಇನ್ನ ಯಾರ್ ಕೇಳ್ತಾರ ನಿನ್ನ?" ಅಂತ ಫೋನಿನಲ್ಲಿ ಅತ್ತಳು. ನನಗೂ ಚುಚ್ಚಿತು. ನೌಕರಿ ಕೊಡಿಸಿದ ಮಾತೇ ಊರಲ್ಲಿ ನನ್ನ ಕಳಂಕವಾಗಿತ್ತು.

ಹಬ್ಬಕ್ಕೆ ಊರಿಗೆ ಹೋದವಳು ಡೈರಿಯತ್ತ ನಡೆದೆ. ಈಗ ಹಾಲು ನೋಡುವವಳು ಕಾಕಾನ ಹೆಂಡತಿ, ನಮ್ಮ ಕಾಕಿ. ಕೈ ಹಚ್ಚಲು ಹೋದರೆ "ನೀ ಕುಂದರವ್ವ, ಚಾ ಕುಡಿ," ಅಂತ ನನಗೆ ಕುರ್ಚಿ ಹಾಕಿದಳು. ಆ ಡೈರಿಯಲ್ಲಿ ನಾನು ಎಂದೂ ಕುರ್ಚಿಯ ಮೇಲೆ ಕೂತವಳಲ್ಲ. ಕಾಕಾನ ಫೋನು ರಿಂಗಾಯಿತು. ಅವನು ನನ್ನ ಕಡೆ ಒಂದು ಸಲ ನೋಡಿ, ಫೋನಿನ ಬಾಯಿಗೆ ಕೈ ಮುಚ್ಚಿದ.

"ಯಾರೋ ನಿನ್ನ ಬಗ್ಗೆ ಕೇಳಾಕತ್ತಾರ. ಯಾವ ಕಡಿಯವರೋ ಗೊತ್ತಿಲ್ಲ. ಏನ್ ಹೇಳ್ಲಿ?"

ಬಂಗಾರ ಅಂತ ಹೇಳು ಅನ್ನಲೇ, ಪಿಶಾಚಿ ಅಂತ ಹೇಳು ಅನ್ನಲೇ? ನಾನು ಬಾಯಿ ತೆರೆಯುವುದರೊಳಗೆ ಅವನೇ ಕೈ ತೆಗೆದು ಹೇಳಿಬಿಟ್ಟ: "ಆಕಿ ಈಗ ನಮ್ಮೂರಾಕಿ ಅಲ್ರಿ. ಬೆಳಗಾವಿಯಾಕಿ. ಅಲ್ಲೇ ವಿಚಾರಸ್ರಿ."

ಚಹಾದ ಕಪ್ಪು ಕೆಳಗಿಟ್ಟೆ. ಬೆಳಗಾವಿಯಲ್ಲಿ ನನ್ನನ್ನು ಬಲ್ಲವರು ಯಾರು? ಗಂಗಕ್ಕ ಒಬ್ಬಳು. ಅವಳನ್ನು ಕೇಳಿದರೆ ಏನು ಹೇಳುತ್ತಾಳೆ ಅಂತ ನನಗೆ ಗೊತ್ತು. ನಾನು ಹಬ್ಬಕ್ಕೆ ಹೊರಡುವಾಗ ಬಾಜೂ ಮನೆಯವರು ಇವಳು ಯಾರು ಅಂತ ಕೇಳಿದ್ದಕ್ಕೆ ಅವಳು ಅಂದದ್ದು ಇಷ್ಟೇ: "ಖಾನಾಪುರದ ಕಡಿಯಾಕಿ ರೀ. ನಮಗ ಅಷ್ಟ ಗೊತ್ತಿಲ್ಲ."