ಪಕ್ಕದ ಮನೆಯಲ್ಲಿಟ್ಟ ಹೆಪ್ಪು

ಸಂತಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದರಿನ ಮೊದಲ ಬಸ್ಸಿನಿಂದ ಹೆಗಲಿಗೆ ಚೀಲ ಏರಿಸಿಕೊಂಡು ಶಿವಕಾಂತಾ ಇಳಿಯುತ್ತಾರೆ. ನೀರಿನ ಟ್ಯಾಂಕರಿಗಾಗಿ ಇಟ್ಟ ಕೊಡಗಳ ಸಾಲು ದಾಟಿ ಅನುಸೂಯಾಬಾಯಿಯ ಮನೆ ಹೊಕ್ಕವರೇ, ಚಹಾ ಆಮೇಲೆ ಎಂದು, ಕಂಪ್ಯೂಟರಿನ ಇಂಟರ್‌ನೆಟ್ ವಯರು ಕೀಳುತ್ತಾರೆ.

ಹಿಂದಿನ ಸಂಜೆ ಬಿಲ್ಲಿನ ಸೋಗಿನಲ್ಲಿ ಬಂದ ಈಮೇಲನ್ನು ಅನುಸೂಯಾಬಾಯಿ ತೆರೆದದ್ದೇ ತಡ, ವೈರಸ್ ನುಗ್ಗಿ ಫೈಲುಗಳಿಗೆಲ್ಲ ಬೀಗ ಜಡಿದಿದೆ. ದುಡ್ಡು ಕಟ್ಟಿದರೆ ಬಿಡುತ್ತೇನೆ ಅನ್ನುತ್ತದೆ ಪರದೆ. ಎಂಥ ಹಲ್ಕಾ ಕೆಲಸ ನೋಡಿ! ಒಳಗಿರುವುದು ಔರಾದಿನ ಕಾಲೇಜೊಂದಕ್ಕೆ ಬೆರಳು ಸವೆಸಿ ಟೈಪು ಮಾಡಿದ ಪಾಠಗಳು. 2016ರ ಈ ಬರದ ಬೇಸಿಗೆಯಲ್ಲಿ ಜನ ಗುಳೆ ಹೋಗಿ ಓಣಿಯ ಅರ್ಧ ಮನೆಗಳು ಖಾಲಿ. ಅನುಸೂಯಾಬಾಯಿಯ ಗಂಡ ವೈಜಿನಾಥ ಕೂಡ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಟೈಪಿಂಗ್ ಇರುವುದಕ್ಕೇ ಅನುಸೂಯಾಬಾಯಿ ಊರಲ್ಲಿ ಉಳಿದಿದ್ದಾರೆ, ಮಗಳ ಶಾಲೆ ಉಳಿದಿದೆ. ಅದೂ ಹೋದರೆ ಮನೆಗೆ ಬೀಗ ಹಾಕುವುದೇ. ಬಟ್ಟೆ ತುಂಬಿದ ಚೀಲ ಆಗಲೇ ಮೂಲೆಯಲ್ಲಿ ಕೂತಿದೆ.

ಶಿವಕಾಂತಾ ಬೀದರಿನ ಮೈಲೂರಿನವರು. ಅಲ್ಲೇ ಹತ್ತಿರದ ಕೊಳಾರದ ಗೋದಾಮೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಗ ವೈರಸ್ ಬಂದು ಎಲ್ಲ ಅಳಿಸಿಹೋಯಿತು. ಬೈಗುಳವೂ ಇವರ ಪಾಲಿಗೆ, ನೌಕರಿಯೂ ಹೋಯಿತು. ಅಳುತ್ತ ಕೂಡುವ ಜೀವವೇ ಅಲ್ಲ ಇದು. ವೈರಸ್ ತೆಗೆಯುವುದನ್ನೇ ಹಟ ಹಿಡಿದು ಕಲಿತರು. ಈಗ ಬೀದರ, ಭಾಲ್ಕಿ, ಔರಾದ ಅಂತ ಬಸ್ಸಿನಲ್ಲೇ ಬದುಕು. ದಿನಕ್ಕೆ ಮೂರು ಮನೆ, ಹೆಚ್ಚೆಂದರೆ ನಾಲ್ಕು. ಹೆಣ್ಣುಮಗಳಿಗೇನು ತಿಳಿದೀತು ಎಂದು ಮೂಗು ಮುರಿದವರೇ ಇಂದು ಫೋನು ಹಚ್ಚಿ ಕರೆಯುತ್ತಾರೆ. ಗುರುತಿಲ್ಲದ ಮೇಲ್ ತೆರೆಯಬೇಡಿ, ಆ್ಯಂಟಿವೈರಸ್ ಹಳತಾಗಲು ಬಿಡಬೇಡಿ ಎಂದು ಹೋದಲ್ಲೆಲ್ಲ ಹೇಳುತ್ತಾರೆ. ಕೆಲಸದ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕದ ಮನೆಯಲ್ಲಿಡಿಸುತ್ತಾರೆ. ಯಾಕೆಂದು ಕೇಳಿದವರಿಗೆ ಅವರ ಉತ್ತರ:

"ಮನ್ಯಾಗ ಮೊಸರು ಕೆಟ್ರ ಹೆಪ್ಪು ಎಲ್ಲಿಂದ ತರ್ತೀರಿ? ಬಾಜೂ ಮನಿಯಿಂದ. ಇದೂ ಹಂಗ ರಿ."

ಹಿಂದೊಮ್ಮೆ ಬಂದಾಗ ಶಿವಕಾಂತಾ ಇಡಿಸಿದ ಅನುಸೂಯಾಬಾಯಿಯ ಹೆಪ್ಪು ಇರುವುದು ನೆರೆಯ ಖುರ್ಷಿದ ಬೇಗಂ ಅವರ ಅಡುಗೆಮನೆಯ ಡಬ್ಬಿಯಲ್ಲಿ. ಕಂಪ್ಯೂಟರ್ ಮುಟ್ಟಿದವರೇ ಅಲ್ಲ ಆಕೆ. ಆದರೂ ಶುಕ್ರವಾರ ಬಂತೆಂದರೆ ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ಹಾಜರು. ಅನುಸೂಯಾಬಾಯಿ ಹೊಸ ನಕಲು ಹಾಕಿಕೊಡುವವರೆಗೆ ಕದಲುವುದಿಲ್ಲ. ಹೋದ ಶುಕ್ರವಾರ ಮಾತ್ರ ಅನುಸೂಯಾಬಾಯಿ ಒಲೆಯ ಮುಂದೆ ಗಡಿಬಿಡಿಯಲ್ಲಿದ್ದರು. ನಕಲು ಹಾಕಿದೆನೋ, ಹಾಗೇ ಕೊಟ್ಟು ಕಳಿಸಿದೆನೋ, ಅವರಿಗೆ ನೆನಪೇ ಇಲ್ಲ.

ಶಿವಕಾಂತಾ ಅವಸರ ಮಾಡುವುದಿಲ್ಲ. ಕಂಪ್ಯೂಟರ್ ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಆ್ಯಂಟಿವೈರಸ್ ಕೂಡಿಸುವ ಹೊತ್ತಿಗೆ ಮಧ್ಯಾಹ್ನ. ಆಮೇಲೆಯೇ ಖುರ್ಷಿದ ಬೇಗಂ ತಂದುಕೊಟ್ಟ ಪೆನ್‌ಡ್ರೈವ್ ಚುಚ್ಚುತ್ತಾರೆ. ಪಾಠಗಳು ಒಂದೊಂದೇ ತೆರೆದುಕೊಳ್ಳುತ್ತವೆ. ಶುಕ್ರವಾರದವರೆಗಿನದು ಎಲ್ಲವೂ ಇದೆ! ಅನುಸೂಯಾಬಾಯಿ ಎದ್ದು ಮೂಲೆಯ ಚೀಲದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕುತ್ತಾರೆ. ಕಣ್ಣು ತುಂಬಿರುವುದನ್ನು ಮುಚ್ಚಿಡುವುದೂ ಇಲ್ಲ.

ಮೈಲೂರಿನಲ್ಲಿ ಹೆಣ್ಣುಮಕ್ಕಳಿಗೆ ಮನೆಯ ಕಂಪ್ಯೂಟರನ್ನು ವೈರಸ್ಸಿನಿಂದ ಕಾಯುವುದನ್ನು ಕಲಿಸುವ ಸಣ್ಣ ಕ್ಲಾಸು ತೆರೆಯಬೇಕೆಂಬುದು ಶಿವಕಾಂತಾ ಅವರ ಆಸೆ. ಚಹಾ ಕುಡಿಯುತ್ತ, ಅದಕ್ಕಾಗಿ ಪಾಠ ಬರೆಯುತ್ತಿದ್ದೇನೆ, ಅರ್ಧ ಮುಗಿದಿದೆ ಎನ್ನುತ್ತಾರೆ. ಖುರ್ಷಿದ ಬೇಗಂ ಚಹಾದ ಬಸಿ ಕೆಳಗಿಟ್ಟು ಕೇಳುತ್ತಾರೆ:

"ನಿನ್ನ ಹೆಪ್ಪು ಯಾರ ಮನ್ಯಾಗ ಇಟ್ಟಿದ್ದಿ, ಬೇಟಿ?"

ಊರಿಗೆಲ್ಲ ಬುದ್ಧಿ ಹೇಳುವ ಶಿವಕಾಂತಾ ನಾಲಿಗೆ ಕಚ್ಚಿಕೊಳ್ಳುತ್ತಾರೆ. ತಮ್ಮ ಚೀಲದ ತಳದಿಂದ ಪೆನ್‌ಡ್ರೈವ್ ಹುಡುಕಿ ತೆಗೆಯುತ್ತಾರೆ.

"ನಿಮ್ಮ ಡಬ್ಬ್ಯಾಗ ಇನ್ನೊಂದಕ್ಕ ಜಾಗಾ ಅದ ಏನ್ರಿ, ಖಾಲಾ?"