ರುಕ್ಕಮ್ಮನ ಬಣ್ಣ ಮತ್ತು ನನ್ನ ಲೀಫ್ ಶಟರ್

ನನ್ನ ಕ್ಯಾಮೆರಾದ ಮುಂದೆ ನಿಂತವರೆಲ್ಲ ಫೋಟೋ ತೆಗೆದಾದ ಮೇಲೂ ಹಲ್ಲು ಬಿಟ್ಟುಕೊಂಡು ನಿಂತೇ ಇರುತ್ತಾರೆ. ದವಡೆ ನೋಯತೊಡಗಿದ ಮೇಲೆ ‘ಆಯ್ತಾ?’ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ನನ್ನದು ಜಪಾನಿನಲ್ಲಿ ಹುಟ್ಟಿ, ಮದುವೆಯ ಹೊಸತರಲ್ಲಿ ನನ್ನ ಕೈಸೇರಿ, ನನ್ನೊಡನೆಯೇ ಮುಪ್ಪಾದ ಕ್ಯಾಮೆರಾ. ಅದರ ಲೆನ್ಸಿನ ಗರ್ಭದಲ್ಲಿ ತೆಳ್ಳನೆಯ ಉಕ್ಕಿನ ಎಸಳುಗಳಿವೆ. ಗುಂಡಿ ಒತ್ತಿದರೆ ಅವು ನಡುವಿನಿಂದ ಹೂವಿನಂತೆ ಬಿರಿದು ತಕ್ಷಣ ಮುಚ್ಚಿಕೊಳ್ಳುತ್ತವೆ. ಇದಕ್ಕೆ ಲೀಫ್ ಶಟರ್ ಎಂದು ಹೆಸರು. ಸದ್ದೆಂದರೆ ಇಷ್ಟೇ ಇಷ್ಟು, ‘ಟಿಕ್’. ಕುಳಿತಲ್ಲಿಂದ ಏಳುವಾಗ ನನ್ನ ಮೊಣಕಾಲೇ ಇದಕ್ಕಿಂತ ಹೆಚ್ಚು ಶಬ್ದ ಮಾಡುತ್ತದೆ. ‘ಲೇಡೀಸ್ ಡೋಂಟ್ ಸ್ಲ್ಯಾಮ್ ಡೋರ್ಸ್’ ಎಂದು ಕಾನ್ವೆಂಟಿನ ಸಿಸ್ಟರ್ ದಿನಕ್ಕೊಮ್ಮೆ ಗದರುತ್ತಿದ್ದರು. ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತದ್ದು ಈ ಶಟರ್.

ಇಂಥ ಸುಸಂಸ್ಕೃತ ಯಂತ್ರಕ್ಕೆ ಕಳೆದ ಆಯುಧಪೂಜೆಯಲ್ಲಿ ಗಂಡಾಂತರ ಒದಗಿತು. ಹಬ್ಬಕ್ಕೆಂದು ಬೈರಕೂರಿನಿಂದ ಕೋಲಾರಕ್ಕೆ ಬಂದಿದ್ದ ನಾದಿನಿ ರುಕ್ಕಮ್ಮ, ನಮ್ಮ ಮನೆತನದ ಪದ್ಧತಿಯಂತೆ, ಲೋಹವೆಂಬುದು ಕಂಡಲ್ಲೆಲ್ಲ ಎಣ್ಣೆ ಬಿಟ್ಟಳು: ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಬಾಗಿಲ ಅಗುಳಿ. ಅದೇ ಭಕ್ತಿಯ ಭರದಲ್ಲಿ ನನ್ನ ಲೆನ್ಸಿನ ಸಂದಿಗೂ ಎರಡು ತೊಟ್ಟು ಇಳಿಸಿ, ಮೇಲೊಂದು ಕುಂಕುಮದ ಬೊಟ್ಟಿಟ್ಟಳು. ಲೀಫ್ ಶಟರಿನ ಎಸಳುಗಳಿಗೆ ಎಣ್ಣೆಯೇ ವಿಷ. ಒಣಗಿದ್ದರಷ್ಟೇ ಅವಕ್ಕೆ ಆರೋಗ್ಯ. ಎಣ್ಣೆ ಒಳಗಿಳಿದ ಸಂಗತಿ ನನಗೆ ತಿಳಿದದ್ದು ಬೇಸಗೆಯಲ್ಲಿ, ರುಕ್ಕಮ್ಮನ ಫೋನು ಬಂದ ಮೇಲೆ.

ರುಕ್ಕಮ್ಮ ಮದುವೆಯಾದ ಮೇಲೆ ಫೋಟೋಗೆ ನೆಟ್ಟಗೆ ನಿಂತವಳೇ ಅಲ್ಲ. ಅವಳ ಮದುವೆಯ ನಡುಹಗಲಿನ ಚಿತ್ರದಲ್ಲಿ ಕಂಡದ್ದು ಜರಿ, ಮೂಗುಬೊಟ್ಟು ಮತ್ತು ಕತ್ತಲೆ. ‘ಮದುವಣಗಿತ್ತಿ ಎಲ್ಲಮ್ಮಾ?’ ಎಂದು ಬೀಗರ ಕಡೆಯವರು ನಕ್ಕಿದ್ದರು. ಅಂದಿನಿಂದ ಪ್ರತಿ ಗ್ರೂಪ್ ಫೋಟೋದಲ್ಲೂ ಅವಳ ಜಾಗ ಕಂಬದ ಹಿಂದೆ. ಈ ವರ್ಷ ಅವಳು ಕೈಯಾರೆ ಕಸಿಮಾಡಿ ಬೆಳೆಸಿದ ಬಾದಾಮಿ ಮಾವು ಕೊಂಬೆ ಬಾಗುವಷ್ಟು ಫಲಿಸಿತ್ತು. ಸೊಸೆ ಮೊಬೈಲಿನಲ್ಲಿ ಫೋಟೋ ತೆಗೆದಳು. ಮೊಬೈಲು ತನ್ನ ಔದಾರ್ಯವನ್ನೆಲ್ಲ ಸುರಿದು ಅತ್ತೆಯನ್ನು ಬೆಳ್ಳಗೆ ಮಾಡಿಬಿಟ್ಟಿತು.

‘ಇದೆವರೇ? ಯಾರಿದು, ಸುಣ್ಣ ಬಳಿದ ಗೋಡೆ?’ ಎಂದು ರುಕ್ಕಮ್ಮ ತೆಲುಗು ಬೆರೆಸಿ ಸಿಡಿದಳಂತೆ. ನನಗೆ ಫೋನಿನಲ್ಲಿ ಅಪ್ಪಣೆಯಾಯಿತು: ‘ಅತ್ತಿಗೆ, ನಾಳಿದ್ದು ಕಾಯಿ ಕೀಳ್ತಾರೆ. ಅಷ್ಟ್ರಲ್ಲಿ ಬನ್ನಿ. ಮರನೂ ಕಾಣ್ಬೇಕು, ನಾನೂ ಕಾಣ್ಬೇಕು. ನನ್ ಬಣ್ಣದಲ್ಲೇ.’

ಕ್ಯಾಮೆರಾ ತೆಗೆದು ಗುಂಡಿ ಒತ್ತಿದೆ; ಎಸಳುಗಳು ಅಂಟಿಕೊಂಡು ಜಪ್ಪಯ್ಯ ಎನ್ನಲಿಲ್ಲ. ವಿಷಯ ತಿಳಿಸಿದರೆ ಅವಳು, ‘ಎಣ್ಣೆ ಹಚ್ಚಿದ್ರೆ ನನ್ ಮಂಡಿನೇ ಓಡಾಡುತ್ತೆ, ನಿಮ್ ಜಪಾನಿಗೇನಂತೆ ರೋಗ?’ ಎಂದಳು. ರಿಪೇರಿಗೆ ಬೆಂಗಳೂರಿಗೆ ಕಳಿಸುವಷ್ಟು ಸಮಯವಿರಲಿಲ್ಲ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಮುಂದಿನ ಲೆನ್ಸನ್ನು ತಿರುಗಿಸಿ ಬಿಚ್ಚಿ, ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ಹತ್ತಿ ಅದ್ದಿ ಎಸಳುಗಳನ್ನು ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಸಂಜೆಯ ಹೊತ್ತಿಗೆ ‘ಟಿಕ್’ ಎಂದಿತು. ನಡುಗುವ ಕೈ ಎಂದು ನನ್ನನ್ನು ಟೀ ಲೋಟ ಹಿಡಿಯಲೂ ಬಿಡದ ನೆಂಟರಿಷ್ಟರು ಆಗ ಅಲ್ಲಿರಬೇಕಿತ್ತು, ಐ ಮಸ್ಟ್ ಸೇ.

ಮಾರನೆಯ ದಿನ ಮುಳಬಾಗಿಲಿಗೆ ಬಸ್ಸು, ಅಲ್ಲಿಂದ ಆಟೋ. ತೋಟ ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು. ಹಿಂದೆ ತೋಟವೆಲ್ಲ ಧಗಧಗ, ಮರದಡಿಯ ನೆರಳಿನಲ್ಲಿ ನೇರಳೆಹಣ್ಣಿನ ಬಣ್ಣದ ರುಕ್ಕಮ್ಮ. ಮದುವೆಯ ದಿನದ್ದೇ ಸಂಕಟ: ಬಿಸಿಲು ಸರಿಯಾಗಿ ಬಂದರೆ ಮುಖ ಕತ್ತಲೆ. ನಾನು ಫ್ಲ್ಯಾಷ್ ಸಿಕ್ಕಿಸಿದೆ.

‘ದೊಡ್ಡತ್ತೆ, ಸೂರ್ಯಂಗೇ ಟಾರ್ಚ್ ಬಿಡ್ತೀರಾ?’ ಎಂದು ಸೊಸೆ ನಕ್ಕಳು.

ನಗಲಿ. ಪರದೆಯಂತೆ ಸರಿಯುವ ಶಟರಿನ ದೊಡ್ಡ ದೊಡ್ಡ ಕ್ಯಾಮೆರಾಗಳು ವೇಗ ಹೆಚ್ಚಿಸಿದರೆ ಫ್ಲ್ಯಾಷನ್ನು ಅರ್ಧಕ್ಕೇ ಮರೆಮಾಡುತ್ತವೆ; ನನ್ನ ಎಸಳುಗಳಾದರೋ ಎಷ್ಟೇ ಅವಸರವಿದ್ದರೂ ಒಮ್ಮೆ ಪೂರ್ತಿಯಾಗಿ ತೆರೆದುಕೊಂಡೇ ಮುಚ್ಚುತ್ತವೆ. ಹಾಗಾಗಿ ಬಿಸಿಲನ್ನೂ ಹದದಲ್ಲಿಟ್ಟು ನೆರಳಿನ ಮುಖಕ್ಕೂ ಬೆಳಕು ಮುಟ್ಟಿಸುವುದು ಅವಕ್ಕೆ ಸಾಧ್ಯ. ಆದರೂ, ಆ ಸೆಖೆಗೆ ಉಳಿದ ಎಣ್ಣೆ ಮತ್ತೆ ಕರಗಿ ಇಳಿದಿದ್ದರೆ? ರುಕ್ಕಮ್ಮ ಕೊಂಬೆಯ ಕೆಳಗೆ, ನನ್ನ ಕ್ಯಾಮೆರಾದ ಮುಂದೆ ಮೊದಲ ಬಾರಿಗೆ ಯಾವ ಕಂಬದ ಮರೆಯೂ ಇಲ್ಲದೆ, ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಉಸಿರು ಬಿಗಿಹಿಡಿದು ಒತ್ತಿದೆ. ಟಿಕ್.

ಫಿಲ್ಮು ಬೆಂಗಳೂರಿಗೆ ಹೋಗಿ ತೊಳೆಸಿಕೊಂಡು, ಪ್ರಿಂಟಾಗಿ ಬರುವಷ್ಟರಲ್ಲಿ ಮಾವಿನ ಕಾಲ ಮುಗಿದಿತ್ತು. ಅಂಚೆಗೆ ಹಾಕಲು ಮನಸ್ಸಾಗದೆ ಬೈರಕೂರಿಗೆ ನಾನೇ ಒಯ್ದೆ. ಚಿತ್ರದಲ್ಲಿ ಪ್ರತಿ ಕಾಯಿಯೂ ಇತ್ತು, ಹಿಂದಿನ ಬಿಸಿಲೂ ಇತ್ತು. ನಡುವೆ ರುಕ್ಕಮ್ಮ, ಕಪ್ಪಗೆ, ಫಳಫಳ ಹೊಳೆಯುತ್ತ, ಹಣೆಯ ಒಂದೊಂದು ಗೆರೆಯ ಸಮೇತ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನೋಡುತ್ತಲೇ ಇದ್ದಳು. ಸೊಸೆ ಕಾಫಿ ತಂದಿಟ್ಟಳು, ಅದೂ ಆರಿತು. ನಾನು ಹೆಮ್ಮೆಯನ್ನು ಎಷ್ಟು ಹೊತ್ತು ಒಳಗಿಟ್ಟುಕೊಳ್ಳಲಿ? ಈ ಸಲ ನಾನೇ ಕೇಳಿದೆ:

‘ಆಯ್ತೇನೇ, ರುಕ್ಕೂ?’

ಅವಳು ಚಿತ್ರದಿಂದ ಕಣ್ಣು ಕೀಳದೆಯೇ ಹೇಳಿದಳು, ‘ಈಗ ಆಯ್ತು ಕಣತ್ತಿಗೆ, ನನ್ ಮದುವೆ ಫೋಟೋ.’